ಹಿತ್ತಲ ಗಿಡ ಮದ್ದಲ್ಲವೇ?

ನಮ್ಮ ಕಡೆಯ ಪದವಿ ವಿದ್ಯಾರ್ಥಿಯೊಬ್ಬನನ್ನು ನಿಲ್ಲಿಸಿ, ‘ನಿನ್ನ ಪಾಲಿಗೆ ವಿಶ್ವವಿದ್ಯಾನಿಲಯ ಅಂದರೆ ಏನಪ್ಪಾ?’ ಎಂದು ಕೇಳಿ ನೋಡಬೇಕು. ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ಪರೀಕ್ಷಾ ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ, ಅಂಕಪಟ್ಟಿ. ಹೆಸರಿನಲ್ಲಿ ಒಂದಕ್ಷರ ತಪ್ಪಾದರೆ ತುಮಕೂರಿಗೆ ಒಂದು ಬಸ್ಸು. ಕೊರಟಗೆರೆಯವನಿಗೆ ಆ ಬಸ್ಸು ಹತ್ತಿರದ್ದು. ಮಧುಗಿರಿ, ಶಿರಾದವರಿಗೆ ಅರ್ಧ ದಿನ ಹೋಯಿತು. ಪಾವಗಡದಿಂದ ಸುಮಾರು ನೂರು ಕಿಲೋಮೀಟರ್ ಬರುವವನಿಗೆ ಇಡೀ ದಿನವೇ ಹೋಯಿತು. ಕಿಟಕಿಯ ಮುಂದೆ ನಿಂತು ಬಂದ ಆ ಹುಡುಗನಿಗೆ ವಿಶ್ವವಿದ್ಯಾನಿಲಯ ಒಂದು ಕಚೇರಿಯಾಗಿ ಕಂಡರೆ ಅದು ಅವನ ತಪ್ಪಲ್ಲ. ಅದು ಅವನೆದುರು ಬೇರೆ ಯಾವ ರೂಪದಲ್ಲೂ ಕಾಣಿಸಿಕೊಂಡಿಲ್ಲ.

ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಒಂದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಮಧುಗಿರಿಯಲ್ಲಿ ಅದರ ಉಪನಿರ್ದೇಶಕರ ಕಚೇರಿ ಇದೆ. ಅಂದರೆ ಈ ಸೀಮೆಯ ಕಷ್ಟಸುಖವೇ ಬೇರೆ, ಅದನ್ನು ಬೇರೆಯಾಗಿಯೇ ನೋಡಬೇಕು ಎಂಬುದನ್ನು ಶಾಲೆಯ ಮಟ್ಟದಲ್ಲಿ ಸರಕಾರವೇ ಒಪ್ಪಿಕೊಂಡಿದೆ. ಆದರೆ ಶಾಲೆ ಮುಗಿಸಿ ಮೇಲಕ್ಕೆ ಹೋಗುವ ಹೊತ್ತಿಗೆ ಈ ಅರಿವು ಎಲ್ಲಿ ಮಾಯವಾಗುತ್ತದೆ? ಈ ಪ್ರಶ್ನೆಯನ್ನು ಹಿಡಿದು ನಮ್ಮ ವಿಶ್ವವಿದ್ಯಾನಿಲಯಗಳ ಹುಟ್ಟು ಮತ್ತು ಕಟ್ಟೋಣವನ್ನು ಸ್ವಲ್ಪ ಪರಿಶೀಲಿಸುವುದು ಈ ಬರೆಹದ ಉದ್ದೇಶ.

ಭಾರತದಲ್ಲಿ ಆಧುನಿಕ ವಿಶ್ವವಿದ್ಯಾನಿಲಯಗಳು ಹುಟ್ಟಿದ್ದು 1857ರಲ್ಲಿ, ಕಲ್ಕತ್ತ, ಮುಂಬಯಿ ಮತ್ತು ಮದರಾಸಿನಲ್ಲಿ. ಅವುಗಳಿಗೆ ಮಾದರಿಯಾಗಿದ್ದುದು ಅಂದಿನ ಲಂಡನ್ ವಿಶ್ವವಿದ್ಯಾನಿಲಯ. ಅದು ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ, ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಾಗಿತ್ತು. ಪಾಠ ಕಾಲೇಜಿನ ಕೆಲಸ, ಪರೀಕ್ಷೆ ವಿಶ್ವವಿದ್ಯಾನಿಲಯದ ಕೆಲಸ ಎಂಬುದು ಅದರ ತತ್ವ. ಅದೇ ಹೊತ್ತಿಗೆ ಜರ್ಮನಿಯಲ್ಲಿ ಬೇರೊಂದು ಮಾದರಿ ಬೇರೂರಿತ್ತು. 1810ರಲ್ಲಿ ಆರಂಭವಾದ ಬರ್ಲಿನ್ ವಿಶ್ವವಿದ್ಯಾನಿಲಯ ಬೋಧನೆಯನ್ನೂ ಸಂಶೋಧನೆಯನ್ನೂ ಒಂದೇ ನೊಗಕ್ಕೆ ಕಟ್ಟಿತ್ತು. ಅಮೆರಿಕದಲ್ಲಿ 1862ರ ಕಾಯ್ದೆಯೊಂದರ ಮೂಲಕ ಸರಕಾರಿ ಜಮೀನಿನ ಆದಾಯದಿಂದ ರಾಜ್ಯಕ್ಕೊಂದು ಕಾಲೇಜು ಕಟ್ಟಿ, ರೈತನ ಮಗನಿಗೆ ವಿದ್ಯೆ ಕೊಡುವ ಏರ್ಪಾಡಾಯಿತು. ಮುಂದೆ ಅವು ರೈತನ ಹೊಲದ ಸಮಸ್ಯೆಯನ್ನೂ ಕೈಗೆತ್ತಿಕೊಂಡವು. ವಸಾಹತು ಸರಕಾರ ಆರಿಸಿಕೊಂಡದ್ದು ಅತ್ಯಂತ ಅಗ್ಗದ ಮಾದರಿಯನ್ನು. ಅದಕ್ಕೆ ಬೇಕಾಗಿದ್ದುದು ಕಚೇರಿಗೆ ಗುಮಾಸ್ತರು. ಗುಮಾಸ್ತನನ್ನು ತಯಾರಿಸಲು ಪರೀಕ್ಷೆ ಸಾಕು, ಸಂಶೋಧನೆ ಏತಕ್ಕೆ?

ಮೈಸೂರು ಸಂಸ್ಥಾನದ ಕಾಲೇಜುಗಳೂ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕಟ್ಟುಬಿದ್ದಿದ್ದವು. ಆ ಕಟ್ಟನ್ನು ಬಿಡಿಸಿದ್ದು 1916ರ ಜುಲೈ 27ರಂದು ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥೆ, ದಿವಾನ್ ವಿಶ್ವೇಶ್ವರಯ್ಯನವರ ಹಟ, ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರ ಆಡಳಿತ ಅನುಭವ ಮೂರೂ ಸೇರಿ ಅದು ನಿಂತಿತು. ಮೈಸೂರಿನ ಮಹಾರಾಜಾ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಕಣ್ಣುಗಳಾದವು. ಆ ಕಾಲದ ಹೆಗ್ಗಳಿಕೆಯನ್ನು ನಾವು ಶತಮಾನೋತ್ಸವದ ಭಾಷಣಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಇಲ್ಲಿ ನಮಗೆ ಮುಖ್ಯವಾದದ್ದು ಆ ಭಾಷಣಗಳಲ್ಲಿ ಅಷ್ಟಾಗಿ ಬಾರದ ಒಂದು ಸಂಗತಿ.

ಆ ವಿಶ್ವವಿದ್ಯಾನಿಲಯ ತನ್ನ ಅಂಗಳ ದಾಟಿ ಹೊರಗೆ ಬಂದಿತ್ತು. ಅದರ ಅಧ್ಯಾಪಕರು ಊರೂರಿಗೆ ಹೋಗಿ, ಕಾಲೇಜಿನ ಮೆಟ್ಟಿಲು ಹತ್ತದ ಜನರ ಮುಂದೆ ನಿಂತು, ವಿಜ್ಞಾನ, ಚರಿತ್ರೆ, ಆರೋಗ್ಯ, ಸಾಹಿತ್ಯ ಕುರಿತು ಕನ್ನಡದಲ್ಲಿ ಮಾತಾಡಿದರು. ಆ ಮಾತುಗಳು ಪ್ರಚಾರೋಪನ್ಯಾಸ ಮಾಲೆಯಾಗಿ, ಕಡಿಮೆ ಬೆಲೆಯ ಪುಟ್ಟ ಪುಸ್ತಕಗಳಾಗಿ ಹಳ್ಳಿಗಳಿಗೆ ಮರಳಿದವು. 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಆರಂಭಿಸಿದ ‘ಪ್ರಬುದ್ಧ ಕರ್ನಾಟಕ’ ಮುಂದೆ ವಿಶ್ವವಿದ್ಯಾನಿಲಯದ್ದೇ ಪತ್ರಿಕೆಯಾಯಿತು. ಪ್ರಾಕ್ತನಶಾಸ್ತ್ರದ ಎಂ.ಎಚ್. ಕೃಷ್ಣ ಅವರು ಕೋಣೆಯಲ್ಲಿ ಕುಳಿತು ಚರಿತ್ರೆ ಬರೆಯಲಿಲ್ಲ. ಶಿರಾದ ಪಕ್ಕದ ಚಿತ್ರದುರ್ಗ ಸೀಮೆಯ ಚಂದ್ರವಳ್ಳಿಗೆ ಹೋಗಿ ನೆಲ ಅಗೆಸಿದರು. 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಕನ್ನಡದಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂದು ವಾದಿಸಿ ಸುಮ್ಮನಾಗದೆ, ಅದಕ್ಕೆ ಬೇಕಾದ ಪಠ್ಯಪುಸ್ತಕಗಳನ್ನು ಬರೆಸಲು ಹೊರಟರು. ಮಾನಸಗಂಗೋತ್ರಿ ಎದ್ದುನಿಂತದ್ದೂ ಅವರ ಕಾಲದಲ್ಲೇ.

ಇದು ಬಂಗಾರದ ಯುಗವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಅಂದು ಆ ಕಾಲೇಜುಗಳ ಒಳಗೆ ಯಾವ ಜಾತಿಯವರು ತುಂಬಿದ್ದರು, ಯಾರು ಹೊಸ್ತಿಲಾಚೆ ನಿಂತಿದ್ದರು ಎಂಬುದು ಎಲ್ಲರಿಗೂ ಗೊತ್ತಿರುವ ವಿಚಾರ. ದಲಿತರಿಗೆ, ಕುರಿ ಕಾಯುವವರ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಸಂತೆಯಲ್ಲಿ ಕೂತು ಬಾಳೆಹಣ್ಣು ಮಾರುವ ಸಾಬರ ಮಕ್ಕಳಿಗೆ ಆ ಬಾಗಿಲು ಬಹುಪಾಲು ಮುಚ್ಚಿಯೇ ಇತ್ತು. ಆದರೂ ಒಂದು ಮಾತು ಸತ್ಯ. ಬಾಗಿಲು ಕಿರಿದಾಗಿದ್ದರೂ ಒಳಗಿದ್ದವರಿಗೆ ಹೊರಗಿನವರ ಬಗ್ಗೆ ಒಂದು ಹೊಣೆ ಇದೆ ಎಂಬ ಅರಿವಿತ್ತು. ಇಂದು ಬಾಗಿಲು ದೊಡ್ಡದಾಗಿದೆ. ಆ ಹೊಣೆಯ ಅರಿವು ಎಲ್ಲಿಗೆ ಹೋಯಿತು?

ಒಡೆಯುತ್ತ ಬಂದ ಬಗೆ

1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಮೈಸೂರಿನಿಂದ ಬೇರೆಯಾಯಿತು. ವಿ.ಕೃ. ಗೋಕಾಕರು ಅದರ ಕುಲಪತಿಯಾಗಿದ್ದರು. ಮುಂದೆ ತುಮಕೂರು ಜಿಲ್ಲೆಯ ಕಾಲೇಜುಗಳು ಅದರ ತೆಕ್ಕೆಗೆ ಬಂದವು. ಶಿರಾ ತಾಲ್ಲೂಕಿನ ಬರಗೂರಿನಿಂದ ಹೊರಟ ಬರಗೂರು ರಾಮಚಂದ್ರಪ್ಪನವರು ಅಲ್ಲಿ ಕನ್ನಡ ಪ್ರಾಧ್ಯಾಪಕರಾದರು. ಈ ಸೀಮೆಯ ಹಳ್ಳಿಯ ಅನುಭವ ವಿಶ್ವವಿದ್ಯಾನಿಲಯದ ಒಳಕ್ಕೂ ಕನ್ನಡ ಸಾಹಿತ್ಯದ ಒಳಕ್ಕೂ ಹೀಗೆ ಪ್ರವೇಶ ಪಡೆಯಿತು. ಆದರೆ ಕಾಲೇಜುಗಳ ಸಂಖ್ಯೆ ಏರಿದಂತೆ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೂ ಪರೀಕ್ಷೆ ನಡೆಸುವುದೇ ದೊಡ್ಡ ಕಾಯಕವಾಯಿತು. ಆ ಭಾರ ಇಳಿಸಲು 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಹುಟ್ಟಿತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಮತ್ತೆ ಮೂರು ಹೋಳಾಯಿತು.

ತುಮಕೂರು ವಿಶ್ವವಿದ್ಯಾನಿಲಯದಿಂದ ನಮಗೆ ಉಪಕಾರವಾಗಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಬೆಂಗಳೂರಿನಲ್ಲಿ ಕೋಣೆ ಹಿಡಿದು ಓದಲಾರದ ಸಾವಿರಾರು ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಎಂ.ಎ., ಎಂ.ಕಾಂ. ಮೆಟ್ಟಿಲು ಹತ್ತಿದ್ದು ಅದು ಹತ್ತಿರ ಬಂದದ್ದರಿಂದ. ‘ತುಮಕೂರಾದರೆ ಹೋಗಿ ಬಾರಮ್ಮಾ’ ಎಂದು ಅಪ್ಪ ಒಪ್ಪಿದ್ದರಿಂದ ಓದಿದ ಹುಡುಗಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಇದನ್ನು ಮರೆತು ಟೀಕಿಸುವುದು ಕೃತಘ್ನತೆಯಾಗುತ್ತದೆ.

ಆದರೆ ಗಡಿ ಹತ್ತಿರ ಬಂದ ಮಾತ್ರಕ್ಕೆ ವಿದ್ಯೆ ಹತ್ತಿರ ಬರುವುದಿಲ್ಲ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಕಾಯ್ದೆಯನ್ನು ಓದಿದರೆ ಇದರ ಕಟ್ಟೋಣ ಅರ್ಥವಾಗುತ್ತದೆ. ಮೇಲೆ ಕುಲಾಧಿಪತಿಯಾಗಿ ರಾಜ್ಯಪಾಲರು, ಸಮಕುಲಾಧಿಪತಿಯಾಗಿ ಉನ್ನತ ಶಿಕ್ಷಣ ಸಚಿವರು. ಅವರ ಕೆಳಗೆ ನಾಲ್ಕು ವರ್ಷದ ಅವಧಿಯ ಕುಲಪತಿ. ಆಡಳಿತಕ್ಕೊಬ್ಬ ಕುಲಸಚಿವ, ಪರೀಕ್ಷೆಗೆಂದೇ ಇನ್ನೊಬ್ಬ ಕುಲಸಚಿವ, ಹಣಕ್ಕೊಬ್ಬ ಹಣಕಾಸು ಅಧಿಕಾರಿ. ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಅಧ್ಯಯನ ಮಂಡಳಿಗಳು. ಪರೀಕ್ಷೆಗೆ ಒಬ್ಬ ಕುಲಸಚಿವನೇ ಇದ್ದಾನೆ, ಆದರೆ ಸುತ್ತಲಿನ ತಾಲ್ಲೂಕುಗಳಿಗೆ ಹೋಗಿ ‘ನಿಮಗೇನು ಬೇಕು?’ ಎಂದು ಕೇಳುವುದೇ ಕೆಲಸವಾದ ಅಂಥದೇ ಹಿರಿಯ ಅಧಿಕಾರಿ ಇಲ್ಲ. ಸಂಸ್ಥೆಯೊಂದರ ಮನಸ್ಸು ಎಲ್ಲಿದೆ ಎಂಬುದನ್ನು ಅದರ ಹುದ್ದೆಗಳೇ ಹೇಳಿಬಿಡುತ್ತವೆ.

ಸಿಂಡಿಕೇಟಿಗೆ ನಾಮಕರಣಗೊಳ್ಳುವವರ ವಿಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಕಾರ ಬದಲಾದಾಗಲೆಲ್ಲ ಹೆಸರುಗಳೂ ಬದಲಾಗುತ್ತವೆ. ಪಕ್ಷಕ್ಕೆ ದುಡಿದವರಿಗೆ ಅದೊಂದು ಗೌರವದ ಕುರ್ಚಿ. ಯಾವ ಪಕ್ಷವೂ ಇದಕ್ಕೆ ಹೊರತಲ್ಲ. ಇನ್ನು ತಾಲ್ಲೂಕು ಕೇಂದ್ರಗಳ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಬಹುಭಾಗ ನಡೆಯುವುದು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ. ರಾಜ್ಯದಲ್ಲಿ ಅವರ ಸಂಖ್ಯೆ ಹತ್ತು ಸಾವಿರ ದಾಟುತ್ತದೆ. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆಗಾಗಿ ತರಗತಿ ಬಿಟ್ಟು ಬೀದಿಯಲ್ಲಿ ಕೂತದ್ದನ್ನು ಕಂಡಿದ್ದೇವೆ. ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ ತಿಳಿಯದ ಮನುಷ್ಯ ಯಾವ ಧೈರ್ಯದಿಂದ ಐದು ವರ್ಷದ ಸಂಶೋಧನೆಯೊಂದಕ್ಕೆ ಕೈಹಾಕಿಯಾನು? ಅತಿಥಿ ಎಂಬ ಪದಕ್ಕೆ ನಮ್ಮಲ್ಲಿ ಎಷ್ಟು ಗೌರವವಿದೆ! ಆ ಪದಕ್ಕೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಾರದು.

ನೀರೊಂದು, ಬಾಗಿಲು ನಾಲ್ಕು

ಜಿಲ್ಲೆಯ ಲೆಕ್ಕದಲ್ಲಿ ಒಡೆದದ್ದು ಒಂದು ಬಗೆ. ವಿಷಯದ ಲೆಕ್ಕದಲ್ಲಿ ಒಡೆದದ್ದು ಇನ್ನೊಂದು ಬಗೆ. ನಮ್ಮ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಅಪಾಯದ್ದು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬಂತು. 1996ರಲ್ಲಿ ವೈದ್ಯಕೀಯಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಬಂತು. 1998ರಲ್ಲಿ ಎಂಜಿನಿಯರಿಂಗಿಗೆ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ. ಆಮೇಲೆ ಕಾನೂನು, ಸಂಗೀತ, ಸಂಸ್ಕೃತ, ಜಾನಪದ ಎಲ್ಲಕ್ಕೂ ಒಂದೊಂದು. ಹೀಗೆ ಒಂದೊಂದೇ ವಿದ್ಯೆಯನ್ನು ಕಿತ್ತು ಬೇರೆ ಕುಂಡದಲ್ಲಿ ನೆಟ್ಟ ಮೇಲೆ, ಜಿಲ್ಲೆಯ ವಿಶ್ವವಿದ್ಯಾನಿಲಯದ ಪಾಲಿಗೆ ಉಳಿದದ್ದು ಕಲೆ, ವಾಣಿಜ್ಯ, ಮೂಲ ವಿಜ್ಞಾನಗಳು. ಹೆಸರಿನಲ್ಲಿರುವ ‘ವಿಶ್ವ’ ಹೆಸರಿನಲ್ಲಿ ಮಾತ್ರ ಉಳಿಯಿತು.

ಇದರ ಪರಿಣಾಮವೇನೆಂದು ತಿಳಿಯಲು ಪಾವಗಡದ ನೀರನ್ನು ನೋಡಿದರೆ ಸಾಕು. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಇಂದಿನ ಮಾತಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬ ಮಿತಿ ಇದೆ. ಅದನ್ನು ಮೀರಿದ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಇನ್ನೂ ಹೆಚ್ಚಿನ ಪ್ರಮಾಣವನ್ನು ಹತ್ತಾರು ವರ್ಷ ಕುಡಿದ ಹಿರಿಯರ ಬೆನ್ನು, ಮೊಣಕಾಲು ಬಿಗಿಯುತ್ತದೆ. ಮಳೆ ಕಡಿಮೆಯಾಗಿ, ಕೆರೆ ಬತ್ತಿ, ಕೊಳವೆಬಾವಿ ಆಳಕ್ಕೆ ಇಳಿದಂತೆ ನೀರು ಬಂಡೆಯೊಳಗೆ ಹೆಚ್ಚು ಕಾಲ ನಿಂತು ಇನ್ನಷ್ಟು ಫ್ಲೋರೈಡನ್ನು ಹೀರುತ್ತದೆ. ಈಗ ಬಂಡೆಯ ವಿಚಾರ ಭೂವಿಜ್ಞಾನಿಗೆ, ಮೂಳೆಯ ವಿಚಾರ ವೈದ್ಯನಿಗೆ, ಸೋಸುವ ಯಂತ್ರದ ವಿಚಾರ ಎಂಜಿನಿಯರಿಗೆ, ಬೆಳೆ ಬದಲಿಸುವ ವಿಚಾರ ಕೃಷಿ ವಿಜ್ಞಾನಿಗೆ. ಈ ನಾಲ್ವರೂ ನಾಲ್ಕು ವಿಶ್ವವಿದ್ಯಾನಿಲಯಗಳಲ್ಲಿ, ನಾಲ್ಕು ಕುಲಪತಿಗಳ ಕೆಳಗೆ, ನಾಲ್ಕು ಕಾಯ್ದೆಗಳ ಬೇಲಿಯೊಳಗಿದ್ದಾರೆ. ಕುಡಿಯುವ ನೀರು ಮಾತ್ರ ಒಂದೇ. ಒಂದು ಬಿಂದಿಗೆ ನೀರಿಗಾಗಿ ನಾಲ್ಕು ಬಾಗಿಲು ತಟ್ಟಬೇಕಾದ ಅಜ್ಜಿ ಕಡೆಗೆ ಯಾವ ಬಾಗಿಲನ್ನೂ ತಟ್ಟದೆ ಮನೆಗೆ ಹೋಗುತ್ತಾಳೆ.

ಪಾವಗಡದ ಇನ್ನೊಂದು ದೊಡ್ಡ ಸಂಗತಿ ಸೌರ ವಿದ್ಯುತ್ ಪಾರ್ಕು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯ. 2018ರಲ್ಲಿ ಉದ್ಘಾಟನೆಯಾದಾಗ ಜಗತ್ತೇ ಇತ್ತ ತಿರುಗಿ ನೋಡಿತು. ಜಮೀನನ್ನು ಕೊಳ್ಳದೆ ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು ಹೊಸ ಪ್ರಯೋಗವೇ ಸರಿ. ಬರಗಾಲದಲ್ಲಿ ಕಡಲೆಕಾಯಿ ಬಿತ್ತಿ ಬೀಜವನ್ನೂ ಕಳೆದುಕೊಳ್ಳುತ್ತಿದ್ದ ರೈತನಿಗೆ ಇದು ಖಾತ್ರಿ ಆದಾಯ. ಆದರೆ ಜಮೀನಿಲ್ಲದ ಕೂಲಿಯವನಿಗೆ? ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿಗೆ? ಬೀಳುಬಿದ್ದ ನೆಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ? ಗುತ್ತಿಗೆಯ ಹಣ ಅವರ ಮನೆ ಬಾಗಿಲಿಗೆ ಬರುವುದಿಲ್ಲ. ಈ ಪ್ರಶ್ನೆಗಳನ್ನು ಹಿಡಿದು ಬೆಂಗಳೂರಿನಿಂದ, ಹೊರದೇಶಗಳಿಂದ ಸಂಶೋಧಕರು ಬಂದು ಪ್ರಬಂಧ ಬರೆದಿದ್ದಾರೆ. ಅವು ಇಂಗ್ಲಿಷಿನಲ್ಲಿವೆ. ತಿರುಮಣಿಯ ಜನರ ಬದುಕಿನ ಬಗ್ಗೆ ತಿರುಮಣಿಯ ಜನ ಓದಲಾಗದ ಪ್ರಬಂಧಗಳು! ಅಲ್ಲಿಯದೇ ಹುಡುಗಿಯೊಬ್ಬಳು ಪದವಿ ತರಗತಿಯಲ್ಲಿ ಕುಳಿತು, ಎಂದೋ ಯಾರೋ ಬರೆದ ಟಿಪ್ಪಣಿಯಿಂದ ‘ಗ್ರಾಮೀಣ ಸಮಾಜಶಾಸ್ತ್ರ’ವನ್ನು ಬಾಯಿಪಾಠ ಮಾಡುತ್ತಿರುತ್ತಾಳೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಶಿರಾದ್ದು ಇನ್ನೊಂದು ಕತೆ. ಕಸ್ತೂರಿ ರಂಗಪ್ಪ ನಾಯಕನಿಂದ ಆರಂಭವಾಗಿ, ಬಿಜಾಪುರದ ಮಲಿಕ್ ರಿಹಾನನ ಕಾಲ ದಾಟಿ, 1687ರಲ್ಲಿ ಮೊಗಲರ ಸುಬಾದ ರಾಜಧಾನಿಯಾದ ಊರದು. ಆಮೇಲೆ ಮರಾಠರು, ಹೈದರಾಲಿ. ಇಲ್ಲಿಯ ಚರಿತ್ರೆ ಬರೆಯಲು ಕನ್ನಡದ ಜತೆಗೆ ಪಾರ್ಸಿ, ಮರಾಠಿಯ ಮೋಡಿ ಲಿಪಿ, ದಖನಿ ಎಲ್ಲವೂ ಬೇಕು. ಬಿ.ಎಲ್. ರೈಸ್ 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದ. ಶತಮಾನ ಕಳೆದ ಮೇಲೆ, ಜಿಲ್ಲೆಗೇ ಒಂದು ವಿಶ್ವವಿದ್ಯಾನಿಲಯ ಬಂದ ಮೇಲೆ, ಈ ಭಾಷೆಗಳನ್ನು ಕಲಿತು ಶಿರಾದ ಗೋರಿ, ಮಸೀದಿ, ಕೋಟೆಗಳನ್ನು ಓದಬಲ್ಲ ತರುಣ ಪೀಳಿಗೆ ಎದ್ದು ಬರಬೇಕಿತ್ತು. ಅಂಥವರು ಬೆರಳೆಣಿಕೆಯಷ್ಟೂ ಸಿಗುವುದಿಲ್ಲ. ಪರಿಶೀಲಿಸಿದ ಚರಿತ್ರೆ ಇಲ್ಲದ ಕಡೆ ಕಟ್ಟುಕತೆ ಬೆಳೆಯುತ್ತದೆ. ಕಟ್ಟುಕತೆ ಬೆಳೆದ ಕಡೆ ಜಗಳ ಬೆಳೆಯುತ್ತದೆ. ಆದ್ದರಿಂದ ಶಿರಾದ ಚರಿತ್ರೆ ಬರೆಯುವುದು ಪಾಂಡಿತ್ಯದ ಹವ್ಯಾಸವಷ್ಟೇ ಅಲ್ಲ, ನೆಮ್ಮದಿಯ ಪ್ರಶ್ನೆ.

ಇನ್ನು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆಮರಗಳ ಮೇಲೆ ಗೂಡು ಕಟ್ಟುತ್ತವೆ, ಊರವರೇ ಅವನ್ನು ಕಾಯುತ್ತಾರೆ. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿದೆ? ಬಾಡಿಗೆ ಕೊಡಬೇಕಾಗಿಲ್ಲ, ಬೀಗ ಹಾಕಬೇಕಾಗಿಲ್ಲ.

ನಮ್ಮ ಮನೆಯ ಮಾತು

ಇಷ್ಟೆಲ್ಲ ಹೇಳಿ ಬೆರಳನ್ನು ಸರಕಾರದ ಕಡೆಗೇ ತೋರಿಸಿ ಕುಳಿತರೆ ಅದು ಅರ್ಧ ವಿಮರ್ಶೆ. ಮುಸ್ಲಿಮ್ ಸಮುದಾಯದವರಾದ ನಾವು ನಮ್ಮನ್ನೂ ಕೇಳಿಕೊಳ್ಳಬೇಕು. ನಮ್ಮ ಸಭೆಗಳಲ್ಲಿ ಮೊರೊಕ್ಕೋದ ಫೆಜ್ ನಗರದ ಅಲ್ ಕರವಿಯ್ಯೀನ್ ಹೆಸರು ಆಗಾಗ ಕೇಳಿಬರುತ್ತದೆ. 859ರಲ್ಲಿ ಫಾತಿಮಾ ಅಲ್ ಫಿಹ್ರಿ ಎಂಬ ಹೆಣ್ಣುಮಗಳು ತನ್ನ ಪಿತ್ರಾರ್ಜಿತವನ್ನು ಸುರಿದು ಅದನ್ನು ಕಟ್ಟಿಸಿದಳೆಂದು ಪ್ರತೀತಿ. ಕೈರೋದ ಅಲ್ ಅಝ್ಹರ್, ಬಗ್ದಾದಿನ ಬೈತುಲ್ ಹಿಕ್ಮಾ ಎಲ್ಲವನ್ನೂ ನಾವು ಹೆಮ್ಮೆಯಿಂದ ಎಣಿಸುತ್ತೇವೆ. ಎಣಿಸೋಣ, ತಪ್ಪಿಲ್ಲ. ಆದರೆ ನಮ್ಮ ಮೊಹಲ್ಲಾದಿಂದ ಎಷ್ಟು ಹೆಣ್ಣುಮಕ್ಕಳು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದಾರೆ ಎಂದು ಎಂದಾದರೂ ಎಣಿಸಿದ್ದೇವೆಯೇ? ಸಾವಿರ ವರ್ಷದ ಹಿಂದಿನ ಫಾತಿಮಾಳ ಹೆಸರು ಬಾಯಲ್ಲಿ, ಪಕ್ಕದ ಮನೆಯ ಫಾತಿಮಾಳಿಗೆ ಪದವಿ ಮುಗಿಯುವ ಮೊದಲೇ ಮದುವೆಯ ಮಾತು. ಇದು ಯಾವ ನ್ಯಾಯ?

2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿ ದೇಶದ ಹೆಸರಾಂತ ಕಾಲೇಜುಗಳಲ್ಲಿ ಪದವಿಯ 25 ವಿದ್ಯಾರ್ಥಿಗಳಲ್ಲಿ ಒಬ್ಬ, ಸ್ನಾತಕೋತ್ತರದ 50ರಲ್ಲಿ ಒಬ್ಬ ಮಾತ್ರ ಮುಸ್ಲಿಮನೆಂದು ತೋರಿಸಿತು. ಮೆಟ್ಟಿಲು ಮೇಲಕ್ಕೆ ಹೋದಂತೆ ನಮ್ಮ ಸಂಖ್ಯೆ ಅರ್ಧಕ್ಕಿಳಿಯುತ್ತದೆ. 2009ರಲ್ಲಿ ಅಲ್ಪಸಂಖ್ಯಾತ ಸಂಶೋಧಕರಿಗೆ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಆರಂಭವಾದಾಗ ಒಂದು ಏಣಿ ಸಿಕ್ಕಿತೆಂದುಕೊಂಡೆವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಅದನ್ನು ನಿಲ್ಲಿಸಿತು. ಬೇರೆ ಯೋಜನೆಗಳ ಜತೆ ಅದು ಅತಿವ್ಯಾಪ್ತಿಯಾಗುತ್ತಿದೆ ಎಂಬುದು ಕೊಟ್ಟ ಕಾರಣ. ಆ ತೀರ್ಮಾನವನ್ನು ವಿರೋಧಿಸುವುದು ನಮ್ಮ ಹಕ್ಕು. ಆದರೆ ವಿರೋಧದ ಮನವಿಪತ್ರ ಕೊಟ್ಟು ಬಂದ ಸಂಜೆ, ನಾಲ್ಕು ತಾಲ್ಲೂಕುಗಳ ಜಮಾಅತ್‌ಗಳು ಒಂದೆಡೆ ಕುಳಿತು, ವರ್ಷಕ್ಕೆ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳ ಖರ್ಚನ್ನು ಹೊರುವ ಮಾತಾಡಿದರೆ ಯಾರು ತಡೆಯುತ್ತಾರೆ? ಒಂದು ಮದುವೆಯ ದೀಪಾಲಂಕಾರದಲ್ಲಿ ಒಂದು ಪಿಎಚ್.ಡಿ. ಸುಟ್ಟುಹೋಗುತ್ತದೆ ಎಂಬ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು. ಆ ಇಬ್ಬರಲ್ಲಿ ಒಬ್ಬರು ದಲಿತ ಅಥವಾ ಹಿಂದುಳಿದ ಮನೆಯವರಾದರೆ ಇನ್ನೂ ಒಳ್ಳೆಯದು. ವಿದ್ಯೆಗೆ ಕೊಡುವ ಕೈಗೆ ಜಾತಿ ಕೇಳುವ ಬಾಯಿ ಇರಬಾರದು.

ಇನ್ನೊಂದು ವಿಶ್ವವಿದ್ಯಾನಿಲಯ ಬೇಕೆ?

ಹಾಗಾದರೆ ಮಧುಗಿರಿಗೇ ಒಂದು ವಿಶ್ವವಿದ್ಯಾನಿಲಯ ಬೇಕೆಂದು ಕೇಳೋಣವೇ? ಖಂಡಿತ ಬೇಡ. 2023ರಲ್ಲಿ ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್ ಹೀಗೆ ಒಂದೇ ಸಲಕ್ಕೆ ಏಳನ್ನು ಹುಟ್ಟಿಸಿ, ಅವಕ್ಕೆ ಜಮೀನೂ ಹುದ್ದೆಯೂ ಹಣವೂ ಸಾಲದೆ, ಎರಡೇ ವರ್ಷದಲ್ಲಿ ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಲ್ಲೇ ಎದ್ದದ್ದನ್ನು ಕಂಡಿದ್ದೇವೆ. ಫಲಕ ನೆಡುವುದು ಸುಲಭ, ಮರ ಬೆಳೆಸುವುದು ಕಷ್ಟ. ನಮಗೆ ಬೇಕಾಗಿರುವುದು ಇನ್ನೊಂದು ಫಲಕವಲ್ಲ.

ಬೇಕಾಗಿರುವುದು ಇಷ್ಟು. ಶಾಲಾ ಇಲಾಖೆ ಹೇಗೆ ಈ ನಾಲ್ಕು ತಾಲ್ಲೂಕುಗಳನ್ನು ಒಂದು ಘಟಕವೆಂದು ಗುರುತಿಸಿತೋ ಹಾಗೆಯೇ ತುಮಕೂರು ವಿಶ್ವವಿದ್ಯಾನಿಲಯವೂ ಗುರುತಿಸಲಿ. ಇಲ್ಲಿಯ ನೀರು, ನೆಲ, ಚರಿತ್ರೆ, ವಲಸೆ ಕುರಿತ ಅಧ್ಯಯನಕ್ಕೆ ಮಧುಗಿರಿಯಲ್ಲಿ ಒಂದು ಕ್ಷೇತ್ರ ಕೇಂದ್ರ ತೆರೆಯಲಿ. ಅದರಲ್ಲಿ ಆರೋಗ್ಯ, ತಾಂತ್ರಿಕ, ಕೃಷಿ ವಿಶ್ವವಿದ್ಯಾನಿಲಯಗಳಿಗೂ ಒಂದೊಂದು ಕುರ್ಚಿ ಇರಲಿ. ಕಟ್ಟಡ ಸಣ್ಣದಾಗಿದ್ದರೂ ಸರಿ. ಅಲ್ಲಿ ನಡೆದ ಪ್ರತಿ ಸಂಶೋಧನೆಯ ಸಾರ ಹತ್ತು ಪುಟದ ಕನ್ನಡ ಪುಸ್ತಿಕೆಯಾಗಿ ಆಯಾ ಗ್ರಾಮ ಪಂಚಾಯಿತಿಗೆ ಮುಟ್ಟಲಿ. ಪ್ರಚಾರೋಪನ್ಯಾಸ ಮಾಲೆ ನಡೆದದ್ದು ಮೊಬೈಲ್ ಫೋನು, ಕಂಪ್ಯೂಟರು ಇಲ್ಲದ ಕಾಲದಲ್ಲಿ. ಇಂದು ಎಲ್ಲವೂ ಇದ್ದು ಅದು ಸಾಧ್ಯವಿಲ್ಲವೆಂದರೆ ಕೊರತೆ ಇರುವುದು ಹಣದಲ್ಲಲ್ಲ, ಮನಸ್ಸಿನಲ್ಲಿ.

2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ರಾಷ್ಟ್ರೀಯ ನೀತಿಯೋ ರಾಜ್ಯ ನೀತಿಯೋ ಎಂಬ ಜಗಳ ಬೆಂಗಳೂರಿನಲ್ಲಿ ನಡೆಯುತ್ತಲೇ ಇರುತ್ತದೆ. ಆ ಜಗಳದ ನಡುವೆ ಪಾವಗಡದಿಂದ ಬೆಳಗಿನ ಬಸ್ಸು ಹತ್ತಿದ ಹುಡುಗಿ ತುಮಕೂರಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿರುತ್ತಾಳೆ. ಅವಳ ಕೈಯಲ್ಲಿರುವುದು ಹೆಸರು ತಪ್ಪಾದ ಅಂಕಪಟ್ಟಿ. ಅವಳ ಚೀಲದಲ್ಲಿ ಊರಿನಿಂದ ತಂದ ಒಂದು ಬಾಟಲಿ ನೀರು. ಅಂಕಪಟ್ಟಿಯನ್ನು ತಿದ್ದಿಕೊಡಲು ಅಲ್ಲಿ ವ್ಯವಸ್ಥೆ ಇದೆ. ಆ ನೀರಿನಲ್ಲಿ ಏನಿದೆ ಎಂದು ಅವಳ ಜತೆ ಕುಳಿತು ಪರೀಕ್ಷಿಸುವ ವ್ಯವಸ್ಥೆ ಬಂದ ದಿನ ನಮಗೊಂದು ವಿಶ್ವವಿದ್ಯಾನಿಲಯ ಸಿಕ್ಕಿತೆಂದು ನಾವು ಹೇಳಿಕೊಳ್ಳಬಹುದು.